ಎಡಕ್ಕ ಕೂಡಬ್ಯಾಡ್ರಿ

ಅಯ್ಯ, ಆ ಕಡೆ ಅಲ್ರಿ ಭಾಗ್ಯಾ, ಈ ಕಡೆ ಬರ್ರಿ, ಬಲಕ್ಕ! ಎಡಕ್ಕ ಕೂಡೋದು ಮದುವಿ ಅಕ್ಕಿಕಾಳು ಬಿದ್ದ ಮ್ಯಾಲ... ಯಾಕ ನಗಾಕತ್ತೀರಿ? ನಾ ನೌಕಾದಳದ ಆಫೀಸರ್ ಆದ್ರೇನಾತು, ಮೂಡಲಗಿ ಮಂದಿ ನಾವು, ಶಾಸ್ತ್ರ ಬಿಡಂಗಿಲ್ಲ! ಕೂಡ್ರಿ, ಫಾಲ್ಸ್ ನೋಡಕೋತ ಕೂಡ್ರಿ. ನಿಮ್ಮ ಅಲ್ಲಪ್ಪ ಕಾಕಾ ಮಿರ್ಚಿ ತಿನ್ನೋದ್ರಾಗ ಅದಾರ, ಈ ಕಡೆ ನೋಡಂಗಿಲ್ಲ. ಹಿರ್ಯಾರೆಲ್ಲಾ ಒಪ್ಯಾರ, ನಿಮ್ಮ ಮಾತೊಂದ ಉಳದೈತಿ. ಅವರ ಪ್ಲೇಟ್ ಖಾಲಿ ಆಗೋದ್ರಾಗ ಹೂಂ ಅನ್ರಿ, ಇಲ್ಲಾ ಉಹೂಂ ಅನ್ರಿ. ನಿನ್ನೆಯಿಂದ ನನಗ ಊಟ ಸೇರವಲ್ದು, ಖರೆ!

ಏನಂದ್ರಿ? ಯುದ್ಧದಾಗ ಏನ್ ಮಾಡಿದ್ರಿ ಅಂತ? ಗುಡಿಸಿದೆ!... ನಗಬ್ಯಾಡ್ರಿ. ನಮ್ಮವ್ವ ಊರ ತುಂಬ ಹಂಗ ಹೇಳ್ಯಾಳ, 'ನಮ್ಮ ಸೂರಜ ಸಮುದ್ರ ಗುಡಿಸ್ತಾನ' ಅಂತ! ವೈರಿ ಮಂದಿ ನೀರಾಗ ಬಾಂಬ್ ಇಟ್ಟಿರ್ತಾರಲ್ರಿ, ಮೈನ್ ಅಂತಾರ ಅದಕ. ಬ್ಯಾರೆ ಹಡಗು ಬರೋಕ್ಕಿಂತ ಮೊದಲ ನಾವು ಹೋಗಿ ತೆಗೀಬೇಕು. ಹಿಂದ ಉದ್ದನ ಹಗ್ಗ ಜಗ್ಗಿಕೋತ... ಹೊಲದಾಗ ಕುಂಟಿ ಹೊಡೀತಾರಲ್ಲ, ಹಂಗ! ಕಬ್ಬಿಣ ಕಂಡ್ರ ಆ ಮೈನಿಗೆ ಸಿಟ್ಟು, ಅದಕ ನಮ್ಮ ಹಡಗು ಕಟ್ಟಿಗೀದು.

ಸಿಡೀಲಿಲ್ಲೇನು ಅಂದ್ರಾ? ಸಿಡೀತ್ರಿ, ಒಂದು. ದೂರ... ದೂರ ಅಂದ್ರ, ಇಲ್ಲಿಂದ ಆ ಮಿರ್ಚಿ ಅಂಗಡಿ ಮಟ. ಏ, ಗಾಬರಿ ಆಗಬ್ಯಾಡ್ರಿ! ನನ್ನ ಚಾದ ಕಪ್ಪು ಒಡೀತು, ಅಷ್ಟ. ನೋಡ್ರಿ, ಕೈ ಐತಿ, ಕಾಲು ಐತಿ, ಮೀಸಿ ಐತಿ!

ಎಲ್ಲಿ ಹೊಂಟ್ರಿ? ಫೋಟೋದಾಗ ಫಾಲ್ಸ್ ಬರವಲ್ದಾ? ಅಯ್ಯ, ಎಡಕ್ಕ ಬ್ಯಾಡ... ಆತು, ಆತು, ತೆಗೀರಿ.

ತೆಗದ್ರಾ? ಭಾಗ್ಯಾ, ಕಾಕಾ ಕೈ ಒರಸ್ಕೊಳ್ಳಾಕತ್ತಾರ ನೋಡ್ರಿ ಅಲ್ಲಿ. ಹೇಳ್ರಲ್ಲ. ಹೂಂ ಅಂತೀರೋ, ಉಹೂಂ ಅಂತೀರೋ?... ಸುಮ್ಮನ ಯಾಕ ಕುಂತ್ರಿ? ಹಡಗಿನ ನೌಕರಿ ಅಂತ ಅಂಜಿಕಿ ಬಂತೇನು? ಬೈಯ್ರಿ ಬೇಕಾದ್ರ, ಒಂದ ಮಾತರ ಆಡ್ರಿ...

ಯಾಕ ತೋಳು ಜಗ್ಗತೀರಿ?... ನಿಮ್ಮ ತುಟಿ... ಯಾವಾಗಿಂದ ಮಾತಾಡಾಕತ್ತೀರಿ?

ಇಲ್ರಿ, ನೀರಿನ ಸಪ್ಪಳ... ಫಾಲ್ಸ್ ಸಪ್ಪಳದಾಗ...

ಅಳಬ್ಯಾಡ್ರಿ. ಹೂಂ. ಆ ಕಪ್ಪು ಒಡದ ದಿನದಿಂದ... ಎಡಗಿವಿ. ಪೂರಾ. ಹೇಳಿದ್ರ ಒಲ್ಲೆ ಅಂತೀರಿ ಅಂತ ಅಂಜಿದ್ದೆ.

ಬಲಕ್ಕ ಬಂದ್ರಾ? ಇದು ಕೇಳೋ ಕಿವಿ ಐತ್ರಿ. ಆ ಕಡೆ ಕುಂತಾಗ ಏನಂದ್ರಿ, ಭಾಗ್ಯಾ? ಇನ್ನೊಮ್ಮಿ ಅನ್ರಲ್ಲ.