ಗೋಲ್‌ಕೀಪರ್ ಶಾಲ್ಕೆಯವಳು

ಡಾರ್ಟ್ಮುಂಡ್‌ನ ಟ್ರಾಮ್ ನಿಲ್ದಾಣದಲ್ಲಿ ಆಟದ ಚೀಲ ಹೊತ್ತ ಇಬ್ಬರು ಗೆಳತಿಯರ ಮಾತು ಪಕ್ಕದ ಬೆಂಚಿನಲ್ಲಿ ಟ್ರಾಮ್‌ಗೆ ಕಾಯುತ್ತಿದ್ದ ರೆನಾಟಳ ಕಿವಿಗೆ ಬಿತ್ತು. ಒಬ್ಬಳು ಕೂತಲ್ಲಿ ಕೂರಲಾರದೆ ಎದ್ದೆದ್ದು ಓಡಾಡುತ್ತಿದ್ದಳು.

"ಗುಡ್ರುನ್, ನಾಳೆ ನಿಮ್ಮ ಜೊತೆ ಮ್ಯಾಚ್ ನೋಡೋಕೆ ನಾನು ಬರಲ್ಲ."

"ನಮ್ಮ ಡಾರ್ಟ್ಮುಂಡ್‌ಗೂ ಆ ಪಕ್ಕದೂರ ವೈರಿ ಶಾಲ್ಕೆಗೂ ಫುಟ್‌ಬಾಲ್ ಮ್ಯಾಚು, ಬಿಡ್ತೀಯಾ? ತಲೆ ಕೆಟ್ಟಿದ್ಯಾ ಇಲ್ಕಾ?"

"ನಾನು ಶಾಲ್ಕೆ ಕಡೆಯವಳು ಕಣೇ. ನಿಮ್ಮ ಹುಡುಗೀರ ಟೀಮಿಗೆ ಆಡೋಕೆ ಬಂದ ದಿನವೇ ಹೇಳ್ಬೇಕಿತ್ತು."

"ಗೊತ್ತು ಬಿಡೇ."

"ಯಾರ್‍ಯಾರಿಗೆ?"

"ಎಲ್ರಿಗೂ. ಡಾರ್ಟ್ಮುಂಡ್ ಗೋಲ್ ಹೊಡೆದಾಗೆಲ್ಲ ನಿನ್ನ ಮುಖ ಹರಳೆಣ್ಣೆ ಕುಡಿದಂಗಾಗುತ್ತೆ."

"ಮತ್ತೆ ನನ್ನ ಯಾಕೆ ಓಡಿಸ್ಲಿಲ್ಲ?"

"ನಿನ್ನ ಬಿಟ್ರೆ ಇನ್ನೊಬ್ಬಳು ಗೋಲ್‌ಕೀಪರನ್ನ ಎಲ್ಲಿಂದ ತರೋಣ? ನಾಳೆ ನಿಮ್ಮ ಶಾಲ್ಕೆ ನೀಲಿ ಮಫ್ಲರ್ ಹಾಕ್ಕೊಂಡೇ ಬಾ, ಚೆನ್ನಾಗಿ ಬೈತೀವಿ."

ಟ್ರಾಮ್ ಬಂತು. ಮೆಟ್ಟಿಲ ಮೇಲೆ ಇಲ್ಕಾ ತಡೆದು ನಿಂತಳು.

"ನಾವು ಗೆದ್ರೆ?"

"ಬಾಯಿ ಮುಚ್ಕೊಂಡು ಮನೆಗೆ ಹೋಗು. ಮಂಗಳವಾರದ ಪ್ರಾಕ್ಟೀಸ್ ಮಾತ್ರ ತಪ್ಪಿಸ್ಬೇಡ."

ಬಾಗಿಲು ಮುಚ್ಚಿತು.