ಹ್ಞೂಂ ಅನ್ನದ ಗೊಂಬಿ

…ಒಯ್ದುಬಿಡು ಅಂದ್ರ ಒಯ್ದುಬಿಡು, ಪರಿಮಳಾ! ನನಗ ಬ್ಯಾಡ ನಿನ್ನ ರೋಬೋ ಗೊಂಬಿ. ಟ್ರಂಕಿನ ಮ್ಯಾಲ ಕುಂತು ಕಣ್ಣು ಪಿಳುಕಿಸ್ತದ, ನನ್ನ ಅಣಕಿಸಿದಂಗ. ಕಲಬುರ್ಗಿಯಿಂದ ತೊಡಿ ಮ್ಯಾಲ ಇಟ್ಕೊಂಡು ತಂದಿದ್ದಿ, ಹಂಗೇ ತೊಡಿ ಮ್ಯಾಲ ಇಟ್ಕೊಂಡು ಒಯ್ಯಿ. ಹುಣಸಗಿಯಿಂದ ಬಸ್ಸು ಇನ್ನಾ ಅದಾವ.

ಯಾಕ ನಗ್ತಿ? ನಗೂದಾದ್ರ ಕೈ ತಗದು ನಗು, ಬಾಯಿ ಮುಚ್ಕೋಬ್ಯಾಡ. …ಹ್ಞಾಂ, ಹಂಗ.

ತಂದ ದಿನ ಏನಂದಿದ್ದಿ? ‘ಆಯೀ, ವಯಸ್ಸಾದವರು ಮಷೀನ್ ಜೋಡಿ ಮನುಷ್ಯಾರ ಜೋಡಿ ಮಾತಾಡಿದಂಗ ಮಾತಾಡ್ತಾರೋ ಇಲ್ಲೋ, ಅವರ ಮನಸ್ಸಿಗೆ ಏನನಸ್ತದೋ, ಅದೇ ನನ್ನ ರಿಸರ್ಚ್’ ಅಂದಿದ್ದಿ. ಮಾತಾಡೀನೆಲ್ಲವ್ವಾ! ನಾ ಏನು ಕಡಿಮಿ ಮಾಡೀನಿ? ಮೊದಮೊದಲು ಅದೂ ಚಲೋನೇ ಇತ್ತು. ‘ಗೊಲ್ಲಾಳಮ್ಮ ಆಯೀ, ಊಟ ಆತೇನ್ರಿ?’ ಅಂತಿತ್ತು. ಕತಿ ಹೇಳಿದ್ರ ಹ್ಞೂಂ ಅಂತಿತ್ತು. ಅರಸನ ಮಗಳು ಬಾವ್ಯಾಗ ಬಿದ್ಲು ಅಂದ್ರೂ ಹ್ಞೂಂ! ಬಾವ್ಯಾಗ ಬಿದ್ರ ಹ್ಞೂಂ ಅಂತಾರೇನೋ ಹುಚ್ಚಾ, ಅಯ್ಯಯ್ಯೋ ಅನ್ಬೇಕು, ಅಂತ ನಾನೇ ಕಲಿಸಿದೆ.

ಮಳಿ ಹಿಡೀತು ನೋಡು, ಅದರ ಧ್ವನಿ ಇಳೀತು. ನೆಗಡಿ ಆಗ್ಯಾದೇನೋ ಅಂತ ಬಿಸಿಲಿಗೆ ಇಟ್ಟೆ. ನಗಬ್ಯಾಡ! ಈಗಂತೂ ಪೂರಾ ಮೂಕ. ಹ್ಞೂಂ ಅನ್ನವರಿಲ್ಲಂದ್ರ ಕತಿ ಮುಂದ ಹೆಂಗ ಹೋಗ್ತದ? ಅರಸನ ಮಗಳು ಇನ್ನಾ ಬಾವ್ಯಾಗೇ ಅದಾಳ!

ಏನು, ನನ್ನ ಕಾಲಬೆರಳ ನೋಡಾಕತ್ತಿ? ತೊಟ್ಟಲ ಹಗ್ಗ ಅದು. ತೂಗಾಕ ಕಟ್ಕೊಂಡೀನಿ. …ಕೈಲೆ ತೂಗೋರು ತೂಗಲಿ, ನನಗ ಬೆರಳಿಗೇ ಬೇಷ್. ಕುಂತಲ್ಲಿ, ಮಲಗಿದಲ್ಲಿ, ಬಿಚ್ಚಂಗಿಲ್ಲ. ಸೊಸಿ ಗುರುದೇವಿ ಕೂಸಿನ್ನ ನನ್ನ ಮ್ಯಾಲ ಹಾಕಿ ನಾಟಿ ಹಚ್ಚಾಕ ಹೋಗ್ತಾಳ. ಈ ನಡುವ ಅದೇನು ಹೊಕ್ಕದೋ ಆಕಿ ತಲ್ಯಾಗ, ‘ಕೂಸಿನ್ನ ಕೊಡೇಕಲ್ಲಿಗೆ, ನಮ್ಮವ್ವನ ಹಂತ್ಯಾಕ ಬಿಡ್ತೀನಿ’ ಅಂತಾಳ. ಯಾಕಬೇ, ನಾ ಸತ್ತೀನೇನು? ಈ ಮೊಮ್ಮಗ ಮನ್ಯಾಗಿಲ್ಲಂದ್ರ ನನಗ ತುತ್ತು ಇಳಿಯಂಗಿಲ್ಲವ್ವಾ…

ಏನಂದಿ? ಈ ಕಡಿ ತಿರುಗಿ ಅನ್ನು. ಗೋಡಿ ಜೋಡಿ ಮಾತಾಡ್ತಾರೇನು? …ಚಾರ್ಜಾ? ಮಾಡೀನಿ, ದಿನಾ ಮಾಡೀನಿ! ಎದಿ ಮ್ಯಾಲಿನ ಹಸರ ದೀಪ ನೋಡು. ನಾ ಒಂದು ಮಾತಾಡಿದ್ರ ಅದು ಒಮ್ಮೆ ಹತ್ತಿ ಆರ್ತದ. ದೀಪ ತಗೊಂಡು ಏನು ಮಾಡ್ಲಿ? ಬಾಯಿ ನೋಡು ಅದರದು, ಬಣ್ಣದಲೆ ಬರದದ್ದು! ಸದಾ ನಗೂದೇ. ತುಟಿ ಅಲಗಂಗಿಲ್ಲ, ಗೋಣು ಹಾಕಂಗಿಲ್ಲ. ಇಷ್ಟು ಓದೀರಿ, ಇಷ್ಟು ಮಷೀನ್ ಮಾಡೀರಿ, ಒಂದು ಬಾಯಿ ಮಾಡಾಕ ಬರಲಿಲ್ಲೇನು ನಿಮಗ?

ಧ್ವನಿ ಹೆಚ್ಚ ಮಾಡಾಕ ಅದರ ಕಿವಿ ತಿರುವು ಅಂತ ನೀನೇ ಕಲಿಸಿದ್ದೆಲ್ಲ? ಅದನ್ನೂ ಮಾಡೀನಿ. ಮೊನ್ನಿ ಪೂರಾ ತಿರುವಿದ್ರ, ಬಾಜೂ ಮನಿ ಶರೀಫಾಬೀ ಎರಡೂ ಕೈಲೆ ಕಿವಿ ಮುಚ್ಕೊಂಡು ಓಡಿ ಬಂದ್ಲು. ಏನು ನಾಟಕ ಆಕಿದು! ಗೊಂಬಿ ಕಿವಿ ತಿರುವಿದ್ರ ಆಕಿಗ್ಯಾಕ ನೋವು?

ಯಾಕ ಹಂಗ ನೋಡ್ತಿ? ನಾ ಸುಳ್ಳ ಹೇಳ್ತೀನಿ? ತಡಿ, ನಿನ್ನ ಎದುರಿಗೇ ತಿರುವಿ ತೋರಿಸ್ತೀನಿ. ಅಲ್ಲೀತನಕ ಈ ಬೆರಳಿನ ಹಗ್ಗ ಸಾಲಂಗಿಲ್ಲ, ಬಿಚ್ತೀನಿ ತಡಿ… ಹ್ಞಾಂ. ಏನಪ್ಪಾ ರೋಬೋ ಸಾಹೇಬ, ನಿನ್ನ ಮಾಡಿದಾಕಿ ಬಂದಾಳ, ಮಾತಾಡು ಈಗ! ಊಟ ಆತೇನ್ರಿ ಅನ್ನು! ನೋಡು ತಂಗಿ, ಪೂರಾ ತಿರುವೀನಿ. ದೀಪ ಹತ್ತಿತು… ಆರಿತು. ಮತ್ತ ಹತ್ತಿತು… ಅಷ್ಟ! ನೋಡಿದಿಲ್ಲ? ಮೂಕ ಅಂದ್ರ ಮೂಕ…

ನೀ ಯಾಕ ಕಿವಿ ಮುಚ್ಕೊಂಡಿ?

ಏ ಪರಿಮಳಾ. ನಿನ್ನೇ ಕೇಳಾಕತ್ತೀನಿ. ಶರೀಫಾಬೀ ನಾಟಕ ನೀನೂ ಕಲ್ತೇನು? …ನನ್ನ ಬಿಟ್ಟು ನನ್ನ ಹಿಂದ ಏನು ನೋಡ್ತಿ? ತೊಟ್ಟಲ… ತೊಟ್ಟಲ ಯಾಕ? ಕೂಸು ಮಲಗ್ಯಾದ. ಎದ್ರ ನನ್ನ ಬೆರಳಿಗೆ ಗೊತ್ತಾಗ್ತ…

…ಹಗ್ಗ.

ಅಯ್ಯಯ್ಯೋ! ಮಾರಿ ಹೆಂಗ ಕೆಂಪಗಾಗ್ಯಾದ! ಬಾಯಿ ಇಷ್ಟಗಲ ತಗದಾನ, ಕಣ್ಣೀರು ಕಿವ್ಯಾಗ ಇಳದಾವ… ಯಾವಾಗಿನಿಂದ ಅಳಾಕತ್ತಾನ? ಬಾ ನನ್ನಪ್ಪಾ, ಬಾ ನನ್ನ ದೊರಿ. ಇಲ್ಲೇ ಅದೀನಿ… ನಿಮ್ಮಾಯಿ ಇಲ್ಲೇ ಅದಾಳ…

ಪರಿಮಳಾ, ಬೇಕಾದ್ರ ಬಯ್ಯಿ. ಮೊದಲು ಆ ಗೊಂಬಿ ಕಿವಿ ತಿರುವಿ ಕಡಿಮಿ ಮಾಡು. ಇನ್ನಾ ಒದರಾಕತ್ತದೇನು ಅದು? …ಪಾಪ. ದಿನಾ ಕೇಳತಿತ್ತು ಹೌದಿಲ್ಲೋ, ಊಟ ಆತೇನ್ರಿ ಅಂತ? ನಾ ಅದನ್ನ ಬೈದೆ.

ಗುರುದೇವಿಗೆ ಹೇಳ್ತೀಯೇನು? ಹೇಳಬ್ಯಾಡ, ಪರಿಮಳಾ. ಹಗ್ಗ ಇನ್ನ ಬಿಚ್ಚಂಗಿಲ್ಲ. ಈ ಕೂಸಿನಾಣಿ ಬಿಚ್ಚಂಗಿಲ್ಲ. ಹೇಳಂಗಿಲ್ಲ ಅನ್ನು.

ತಲಿ ತಗ್ಗಿಸಬ್ಯಾಡ. ಮಾರಿ ಈ ಕಡಿ ಮಾಡು, ಬಾಗಲ ಬೆಳಕಿಗೆ ಬಾ.

ಏನಂದಿ? ಹ್ಞೂಂ ಅಂದೇನು? ಹ್ಞೂಂ ಅನಬ್ಯಾಡ ನಮ್ಮವ್ವಾ… ಅದು ತುಟಿ ಮ್ಯಾಲ ಕಾಣಂಗಿಲ್ಲ. ಬಾಯಿ ತಗದು ಅನ್ನು.