ಎಡಕ್ಕೆ ವಾಲಿದ ಜಡೆ

ಅಯ್ಯೋ, ಆ ಕುರ್ಚಿ ಬೇಡ ಟೀಚರ್! ಏಳಿ, ಏಳಿ... ಚುಚ್ಚಿತಾ? ಹೆಣಿಗೆ ಕಡ್ಡಿ ಅದು. ಬೆಳಗ್ಗೆಯಿಂದ ಹುಡುಕ್ತಿದ್ದೆ. ಅಂದ್ರೆ... ಹುಡುಕ್ತಿದ್ಲು. ನಮ್ಮವಳು ಹುಡುಕ್ತಿದ್ಲು. ಈ ಕಡೆ ಬನ್ನಿ, ಇಲ್ಲಿ ಕೂತ್ಕೊಳ್ಳಿ. ಆ ಡಬ್ಬಿಗಳನ್ನ ಸ್ವಲ್ಪ ಪಕ್ಕಕ್ಕೆ... ಮೆಲ್ಲಗೆ, ಮೆಲ್ಲಗೆ! ಅಂಟು ಇನ್ನೂ ಹಸಿ ಇದೆ.

ಹೂಂ, ಮಲಗಿದ್ದಾಳೆ. ಈಗ ತಾನೇ ಕಣ್ಣು ಮುಚ್ಚಿದ್ಲು, ಎಬ್ಬಿಸೋದು ಬೇಡ. ಏನು, ಹೋದ ವಾರ ಬಂದಾಗ್ಲೂ ಮಲಗಿದ್ಲಾ? ಹೌದು, ಮಲಗಿದ್ಲು. ಅದರ ಹಿಂದಿನ ವಾರ ಸ್ನಾನಕ್ಕೆ ಹೋಗಿದ್ಲು, ಅದೂ ನಿಜ. ಒಂದೂವರೆ ಗಂಟೆ ಸ್ನಾನ ಯಾರು ಮಾಡ್ತಾರೆ ಅಂದ್ರೆ ನಾನೇನು ಹೇಳಲಿ? ಶುಚಿಯಾದ ಹೆಂಗಸು. ನೀವು ಬಾಗಿಲು ತಟ್ಟೋ ಹೊತ್ತಿಗೇ ಅವಳಿಗೆ ಏನಾದ್ರೂ ಒಂದು ಕೆಲಸ ಬೀಳುತ್ತೆ. ಯೋಗ ನೋಡಿ!

ಅದೆಲ್ಲ ಇರಲಿ, ಸಾಮಾನು ತಯಾರಾಗಿದೆ. ನಿಮ್ಮ ಮಹಿಳಾ ಸಂಘದ ಪ್ರದರ್ಶನ ಭಾನುವಾರ, ಇವತ್ತಿನ್ನೂ ಗುರುವಾರ. ಲೆಕ್ಕ ಸರಿಯಾಗಿ ನೋಡ್ಕೊಳ್ಳಿ. ಮಕ್ಕಳ ಸ್ವೆಟರ್ ಆರು. ತಕಲಿಯಲ್ಲಿ ಕೈಯಾರೆ ನೂತ ಉಣ್ಣೆ ನೂಲು, ಹನ್ನೆರಡು ಲಡಿ. ಅದನ್ನೆಲ್ಲ ಇಡೋಕೆ ಕಾಗದದ ಡಬ್ಬಿ, ಮುಚ್ಚಳದ ಮೇಲೆ ಕಾಗದದ ಹೂವು. ಡಬ್ಬಿ ಮಾತ್ರ ನನ್ನ ಖಾತೆ. ಮೂವತ್ತೆರಡು ವರ್ಷ ಪ್ರೆಸ್‌ನಲ್ಲಿ ಬೈಂಡಿಂಗ್ ಮಾಡಿದವನಿಗೆ ಕಾಗದ ಮಡಿಸೋದು, ಅಂಟಿಸೋದು ಬಿಟ್ರೆ ಇನ್ನೇನು ಬರುತ್ತೆ? ನೂಲೋದು, ಹೆಣೆಯೋದು ಎರಡೂ ಅವಳದು. ನನಗೂ ಉಣ್ಣೆಗೂ ಸಂಬಂಧವೇ ಇಲ್ಲ.

ಯಾಕೆ ನಗ್ತಿದ್ದೀರಿ? ಮೀಸೆ? ಮೀಸೇಲಿ ಏನು... ಓ, ಇದಾ. ಉಣ್ಣೆ ಎಳೆ. ಮನೆಯೆಲ್ಲಾ ಹಾರಾಡ್ತಿರುತ್ತೆ ಟೀಚರ್, ಯಾರ ಮೀಸೆ ಅಂತ ಕೇಳಿಕೊಂಡು ಬರುತ್ತಾ? ಮೊನ್ನೆ ಟೀ ಲೋಟದಲ್ಲೂ ಸಿಕ್ಕಿತು.

ಮೂರು ಕೆಲಸ ಒಟ್ಟೊಟ್ಟಿಗೆ ಹೇಗೆ ಸಾಗುತ್ತೆ ಅಂತೀರಾ? ಅಯ್ಯೋ, ಅದೇನು ಸುಲಭ ಅಂದ್ಕೊಂಡ್ರಾ! ಬೆಳಗ್ಗೆ ಎದ್ದು ಡಬ್ಬಿಗೆ ಅಂಟು ಬಳಿದು ಇಡಬೇಕು. ಅದು ಒಣಗೋ ತನಕ ತಕಲಿ ತಿರುಗಿಸಬೇಕು. ನೂತ ನೂಲನ್ನ ಒದ್ದೆ ಮಾಡಿ, ಬುಡಕ್ಕೆ ತೂಕ ಕಟ್ಟಿ, ನೇತು ಹಾಕಬೇಕು, ಇಲ್ಲದಿದ್ರೆ ಹುರಿ ನಿಲ್ಲಲ್ಲ, ತನ್ನಷ್ಟಕ್ಕೆ ಸುತ್ತಿಕೊಳ್ಳುತ್ತೆ. ಅಗೋ, ಸ್ನಾನದ ಮನೆ ಬಾಗಿಲಲ್ಲಿ ನೇತಾಡ್ತಿದೆಯಲ್ಲ, ಹಳೇ ಬೀಗ ಕಟ್ಟಿದ್ದೀನಿ. ಅದು ಆರೋ ತನಕ ಸ್ವೆಟರ್ ತಗೊಂಡು ನಾಲ್ಕು ಸಾಲು ಹೆಣೆಯೋದು. ನಾಲ್ಕನೇ ಸಾಲು ಮುಗಿಯೋ ಹೊತ್ತಿಗೆ ಸರಿಯಾಗಿ ಹಾಲು ಉಕ್ಕುತ್ತೆ! ಓಡಿ ಹೋಗಿ ಬಂದ್ರೆ ಎಷ್ಟನೇ ಕುಣಿಕೇಲಿ ಇದ್ದೆ ಅನ್ನೋದು ಮರೆತಿರುತ್ತೆ. ಒಂದಿನ ತೋಳು ಹೋಗಿ ಡಬ್ಬಿ ಮುಚ್ಚಳಕ್ಕೆ ಅಂಟಿಕೊಂಡುಬಿಡ್ತು. ನನ್ನ ತೋಳಲ್ಲ, ಸ್ವೆಟರ್ ತೋಳು. ಎಳೆದರೆ ಹೂವಿನ ಸಮೇತ ಬಂತು! ತಲೆ ಕೆಟ್ಟು ಗೊಬ್ಬರ ಆಯ್ತು ನನಗೆ...

ಅವಳಿಗೆ. ಅವಳಿಗೆ ತಲೆ ಕೆಟ್ಟಿತು ಅಂದೆ. ನೋಡಿ ನೋಡಿ ನನಗೂ ಕೆಟ್ಟಿತು. ನೀವು ಹಾಗೆ ಕನ್ನಡಕದ ಮೇಲಿಂದ ನೋಡಿದ್ರೆ ಎಂಥವನಿಗೂ ಬಾಯಿ ತೊದಲುತ್ತೆ ಟೀಚರ್. ಶಾಲೇಲಿ ಹುಡುಗರು ಹೇಗೆ ಬದುಕಿದ್ರೋ!

ನಾನು ಹೆಣೆಯೋದಾ? ಒಳ್ಳೇ ಕಥೆ. ಹೆಣಿಗೆ ಕಡ್ಡಿ ಇರೋದು ಬೆನ್ನು ಕೆರ್ಕೊಳ್ಳೋಕೆ ಅಂತ ತಿಳಿದಿದ್ದವನು ನಾನು. ನಗಬೇಡಿ, ನಿಜವಾಗ್ಲೂ. ಮದುವೆಯಾದ ಹೊಸದರಲ್ಲಿ, ಮೇಜಿನ ಮೇಲೆ ಇಟ್ಟಿದ್ಲು, ಸರಕ್ಕನೆ ಒಂದು ಎಳೆದುಕೊಂಡೆ. ನೂರಾ ಹತ್ತು ಕುಣಿಕೆ ಕಳಚಿಬಿತ್ತು. ಮೂರು ದಿನ ಮಾತಿಲ್ಲ. ಆಮೇಲೆ ನಲವತ್ತು ವರ್ಷ ಅವಳು ಆ ಕುರ್ಚಿ, ನಾನು ಈ ಕುರ್ಚಿ, ಎದುರುಬದುರು. ಅವಳ ಕೈಯಲ್ಲಿ ಉಣ್ಣೆ, ನನ್ನ ಕೈಯಲ್ಲಿ ಪೇಪರ್. 'ಗಂಟು ಹಾಕೋದೇ ಒಂದು ಕೆಲಸವಾ?' ಅಂತ ರೇಗಿಸ್ತಿದ್ದೆ. ಅವಳು ತಲೆ ಎತ್ತದೆ, 'ನಿಮ್ಮನ್ನ ಗಂಟು ಹಾಕಿಕೊಂಡಿದ್ದಕ್ಕಿಂತ ಇದು ಮೇಲು' ಅಂತಿದ್ಲು.

ಇನ್‌ಸ್ಪೆಕ್ಟರಮ್ಮ! ಸಂಘದಲ್ಲಿ ನೀವೆಲ್ಲ ಅವಳಿಗೆ ಇಟ್ಟ ಹೆಸರು ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಅವಳಿಗೂ ಗೊತ್ತು, ಒಳಗೊಳಗೇ ಖುಷಿ. ಕಿಟಕಿ ಪಕ್ಕದ ಕುರ್ಚೀಲಿ ಕೂತು, ಯಾರು ಏನು ತಂದುಕೊಟ್ರೂ ಬೆಳಕಿಗೆ ಹಿಡಿದು ನೋಡೋದು, ಒಂದೇ ಮಾತು ಹೇಳೋದು: 'ಬಿಚ್ಚು.' ನಿಮಗೂ ಹೇಳಿದ್ಲಲ್ಲ? ಮೊಮ್ಮಗನ ಟೋಪಿ, ಅಲ್ವಾ? ಇಡೀ ಟೋಪಿ ಬಿಚ್ಚಿಸಿದ್ಲು, ಶುರು ಮಾಡಿದ ಎರಡನೇ ಸಾಲಲ್ಲೇ ಒಂದು ಕುಣಿಕೆ ತಿರುಚಿದೆ ಅಂತ! ಆವತ್ತು ನೀವು ದಡಾರಂತ ಬಾಗಿಲು ಬಡ್ಕೊಂಡು ಹೋಗಿದ್ರಿ, ಮಾರನೇ ದಿನ ಹೊಸ ಟೋಪಿ ಹಿಡ್ಕೊಂಡು ಬಂದ್ರಿ. ಯಾರಿಗೂ ಚೆನ್ನಾಗಿದೆ ಅಂದವಳಲ್ಲ. ತನ್ನ ಕೈಕೆಲಸಕ್ಕೂ ಅಂದವಳಲ್ಲ.

ಹಾಂ? ಭಾನುವಾರ? ಯಾರು, ಅವಳಾ? ವೇದಿಕೆ ಮೇಲೆ ಕೂತು ಹೊಸಬರಿಗೆ ಹೆಣೆದು ತೋರಿಸಬೇಕಾ? ಆಗಲ್ಲ ಟೀಚರ್, ಕಾಲು ನೋವು. ಹೆಣೆಯೋಕೆ ಕಾಲು ಯಾಕೆ ಬೇಕು... ಮೆಟ್ಟಿಲು ಹತ್ತಬೇಕಲ್ಲ, ಅದಕ್ಕೆ. ಮೆಟ್ಟಿಲೇ ಇಲ್ವಾ? ಕೆಳಗೇ ವೇದಿಕೆನಾ? ಈಗೆಲ್ಲ ಹಾಗೇ ಮಾಡ್ತಾರಾ... ಕಾಲೊಂದೇ ಅಲ್ಲ, ಕೈಯೂ ನೋವು. ಹೌದು, ಹೆಬ್ಬೆರಳು. ಯಾವ ಕೈಯದ್ದು? ಬಲ... ಬಲಗೈಯದ್ದು.

ಅವಳು ಬರದಿದ್ರೆ ಆ ಕುರ್ಚಿ? ಸಂಘದ ಕಿಟಕಿ ಪಕ್ಕದ್ದು. ಬೇರೆಯವರಿಗೆ ಕೊಟ್ಟುಬಿಡ್ತೀರಾ? ಇಲ್ಲ, ಸುಮ್ನೆ ಕೇಳಿದೆ. ಆರು ತಿಂಗಳಿಂದ ಖಾಲಿ ಇದೆ, ಬೇರೆಯವರು ಕೇಳ್ತಿದ್ದಾರೆ, ಅರ್ಥ ಆಗುತ್ತೆ. ಆದ್ರೂ ಒಂದು ಮಾತು. ನೂಲು, ಮಫ್ಲರ್, ಈ ಸಲ ಜಡೆ ಸ್ವೆಟರ್, ಸಾಮಾನು ಒಂದು ತಿಂಗಳೂ ತಪ್ಪಿಲ್ಲ ನೋಡಿ. ಅವಳ ಹೆಸರಲ್ಲಿ, ಅವಳ ಮನೆಯಿಂದ, ಹೇಳಿದ ದಿನಕ್ಕೆ ಬಂದಿದೆ. ಕೆಲಸ ಬರ್ತಿರೋ ತನಕ ಕುರ್ಚಿ ಅವಳದ್ದೇ ಅಲ್ವಾ? ನಾನು ಇಷ್ಟೆಲ್ಲ ಒದ್ದಾಡ್ತಿರೋದು ಆ ಒಂದು...

ಅಂದ್ರೆ ಡಬ್ಬಿಗೆ. ಡಬ್ಬಿಗೆ ಒದ್ದಾಡ್ತಿರೋದು.

ಅರೆ, ಕಟ್ಟು ಯಾಕೆ ಬಿಚ್ಚಿದ್ರಿ? ಭಾನುವಾರ ಎಲ್ಲರೆದುರು ತೆಗೆದ್ರೆ ಆಗ್ತಿತ್ತು... ನೋಡಿ, ನೋಡಿ, ನಿಮ್ಮ ಸಾಮಾನು. ಅಂಚು ನೋಡಿ ಎಷ್ಟು ನೀಟಾಗಿದೆ. ಹಿಂದುಗಡೆ ನೋಡಿ, ಒಂದು ಎಳೆ ಜೋತುಬಿದ್ದಿಲ್ಲ. ಜಡೆ ಡಿಸೈನ್ ಅಂತೂ... ಜಡೆ ಯಾಕೆ ಅಷ್ಟೊತ್ತು ನೋಡ್ತಿದ್ದೀರಿ? ನಿಮ್ಮ ಸಂಘದ ಗುರುತಿನ ಜಡೆ ಅದೇ ತಾನೇ, ಎದೆ ಮೇಲೆ ಇಳಿದು ಬರೋದು. ಮೂರು ಕುಣಿಕೆ ಬೇರೆ ಕಡ್ಡಿಗೆ ತಗೊಂಡು, ದಾಟಿಸಿ, ಆಮೇಲೆ... ಹಾಗಂತ ಅವಳು ಹೇಳ್ತಾಳೆ.

ನಿಮ್ಮ ಮೈಮೇಲಿರೋ ಸ್ವೆಟರ್ ಅವಳೇ ಹೆಣೆದುಕೊಟ್ಟಿದ್ದು, ನನಗೆ ಗೊತ್ತು. ಅದರ ಪಕ್ಕ ಯಾಕೆ ಹಿಡೀತಿದ್ದೀರಿ? ಟೀಚರ್... ಅದು ದೊಡ್ಡವರದ್ದು, ಇದು ಮಕ್ಕಳದ್ದು, ಸ್ವಲ್ಪ ಹೆಚ್ಚುಕಡಿಮೆ...

ಹೌದು. ನಿಮ್ಮದು ಬಲಕ್ಕೆ ವಾಲಿದೆ. ಇದು ಎಡಕ್ಕೆ.

ಇನ್ನೊಂದು ಬಿಚ್ಚಿ ನೋಡಬೇಡಿ. ಆರೂ ಎಡಕ್ಕೇ.

ಸರಿ. ಸಿಕ್ಕಿಬಿದ್ದೆ! ನಾನೇ ಹೆಣೆದಿದ್ದು. ಆರು ತಿಂಗಳಿಂದ ನಿಮ್ಮ ಮಹಿಳಾ ಸಂಘದಲ್ಲಿ ಒಬ್ಬ ಮೀಸೆಯವನು ಸದಸ್ಯ ಆಗಿದ್ದಾನೆ. ನೂಲೂ ನಂದೇ, ಡಬ್ಬೀನೂ ನಂದೇ. ನಗಿ ಈಗ, ಹೊಟ್ಟೆ ತುಂಬಾ ನಗಿ! ಪ್ರೆಸ್‌ನ ಹಳೇ ಸ್ನೇಹಿತರು ಬಂದ್ರೆ ಇಡೀ ಸ್ವೆಟರನ್ನ ಪೇಪರ್ ಕೆಳಗೆ ಮುಚ್ಚಿಡ್ತೀನಿ. ಒಂದ್ಸಲ ಉಂಡೆ ಉರುಳಿ ಅವರ ಕಾಲಿಗೆ ಸುತ್ತಿಕೊಂಡು, ಬೆಕ್ಕು ಸಾಕಿದ್ದೀವಿ ಅಂತ ಸುಳ್ಳು ಹೇಳಿದೆ, ಈಗ ಬಂದಾಗೆಲ್ಲ ಬೆಕ್ಕಿಗೆ ಅಂತ ಬಿಸ್ಕತ್ತು ತರ್ತಾರೆ.

ಎಡಕ್ಕೆ ಯಾಕೆ ಹೋಯ್ತು ಅಂದ್ರೆ... ಅದೂ ತಮಾಷೆನೇ. ಅವಳು ಕಲಿಸುವಾಗ ನಾನು ಎದುರಿಗೆ ಕೂತಿದ್ದೆ. ಯಾವಾಗ್ಲೂ ಕೂರೋ ಕುರ್ಚೀಲೇ ಕೂತೆ, ಪೇಪರ್ ಬದಲು ಕಡ್ಡಿ ಹಿಡ್ಕೊಂಡು. ಅವಳ ಬಲಗೈ ಏನು ಮಾಡ್ತೋ, ಅದರ ಎದುರಿಗಿದ್ದ ನನ್ನ ಎಡಗೈ ಅದನ್ನೇ ಮಾಡ್ತು. ಕನ್ನಡಿ ನೋಡಿ ಕಲಿತ ಹಾಗಾಯ್ತು. ಪಕ್ಕದಲ್ಲಿ ಕೂರಬೇಕಿತ್ತು ಅಂತ ಇಬ್ಬರಿಗೂ ಹೊಳೀಲಿಲ್ಲ. ನಲವತ್ತು ವರ್ಷ ಪಕ್ಕದಲ್ಲಿ ಕೂತಿದ್ರೆ ತಾನೇ ಹೊಳೆಯೋಕೆ!

ಇಷ್ಟೇ ವಿಷಯ. ಅವಳ ಹೆಬ್ಬೆರಳು ನೋವು, ಡಾಕ್ಟರ್ ಹೆಣೀಬೇಡಿ ಅಂದ್ರು, ಹಠಮಾರಿ ಹೆಂಗಸು, ಸಂಘಕ್ಕೆ ಗೊತ್ತಾಗಬಾರದು ಅಂದ್ಲು, ನಾನು ಹೆಣೆದೆ. ಮುಗೀತು. ಈಗಾದ್ರೂ ನಗಿ.

ಯಾಕೆ ನಗ್ತಿಲ್ಲ?

ಟೀಚರ್, ಅದನ್ನ ಮಡಿಲಲ್ಲಿ ಇಟ್ಕೊಂಡು ಹಾಗೆ ಸುಮ್ನೆ ಕೂರಬೇಡಿ. ಏನಾದ್ರೂ ಅನ್ನಿ. ಮೋಸ ಅನ್ನಿ. ಸಂಘದ ಹೆಸರು ಕೆಡಿಸಿದೆ ಅಂತ ಬೈಯಿರಿ. ಟೋಪಿ ದಿನದ ಹಾಗೆ ಬಾಗಿಲು ಬಡ್ಕೊಂಡು ಹೋಗಿ, ಬೇಕಾದ್ರೆ...

ಏನಿಲ್ಲ, ಉಂಡೆ. ಒಳಗಿಂದ ಉರುಳಿ ಬಂತು. ಬೆಕ್ಕು... ಇಲ್ಲ. ನಮ್ಮ ಮನೇಲಿ ಬೆಕ್ಕಿಲ್ಲ, ಈಗಷ್ಟೇ ನಾನೇ ಹೇಳಿದೆ.

ಎದ್ದಿದ್ದಾಳೆ. ಮಲಗೇ ಇರಲಿಲ್ಲ. ಮಂಚದ ಮೇಲೆ ಕೂತು ಉಂಡೆ ಸುತ್ತುತಿರ್ತಾಳೆ. ಸಂಜೆ ಹೊತ್ತಿಗೆ ಸುತ್ತಿ ಮುಗಿಸ್ತಾಳೆ, ಅವಳು ಮುಖ ತೊಳೆಯೋಕೆ ಹೋದಾಗ ನಾನು ಬಿಚ್ಚಿ ಇಡ್ತೀನಿ, ಬೆಳಗ್ಗೆ ಮತ್ತೆ ಸುತ್ತುತಾಳೆ. ಅದೇ ಉಣ್ಣೆ. ಹಸಿರು. ಇರಿ, ಪರದೆ ಸರಿಸಬೇಡಿ, ದಮ್ಮಯ್ಯ. ನಿಮ್ಮನ್ನ ನೋಡಿ ಯಾರು ಅಂತ ಕೇಳಿಬಿಟ್ರೆ... ನಿಮಗೂ ಕಷ್ಟ, ನನಗೂ ಕಷ್ಟ.

ಹೆಬ್ಬೆರಳಿಗೆ ಏನೂ ಆಗಿಲ್ಲ ಟೀಚರ್.

ಹೋದ ವರ್ಷ ಒಂದು ಮಧ್ಯಾಹ್ನ, ಆ ಕುರ್ಚೀಲೇ ಕೂತಿದ್ಲು. ನೀವು ಹಾಕಿದ್ದೀರಲ್ಲ, ಅದನ್ನೇ ಹೆಣೀತಿದ್ಲು. ಕೈ ನಿಂತುಬಿಡ್ತು. 'ರೀ, ಇದಾದ ಮೇಲೆ ಏನು?' ಅಂದ್ಲು. ಪೇಪರ್ ಕೆಳಗಿಳಿಸದೇ 'ಕಾಫಿ' ಅಂದೆ ನಾನು. ಜೋಕು! ಆಮೇಲೆ ನೋಡ್ತೀನಿ, ಕಡ್ಡಿ ಹಿಡ್ಕೊಂಡು ಅಳ್ತಿದ್ದಾಳೆ. ಕಣ್ಣೊರೆಸಿಕೊಂಡು ಹೇಳಿದ್ಲು, 'ಬನ್ನಿ, ಕಲೀರಿ. ನನಗೆ ಪೂರ್ತಿ ಮರೆತು ಹೋಗೋದ್ರೊಳಗೆ ಕಲೀರಿ.' ಎರಡು ತಿಂಗಳು ಕಲಿಸಿದ್ಲು. ಕಲಿಸ್ತಾ ಕಲಿಸ್ತಾ ನಿಮ್ಮದನ್ನ ಮುಗಿಸಿದ್ಲು. ಅದೇ ಕೊನೇದು.

ನೀವು ಏನು ಯೋಚನೆ ಮಾಡ್ತಿದ್ದೀರಿ ಅಂತ ಗೊತ್ತು. ನಾನು ಹೆಣೆದೆ ಅನ್ನೋದಲ್ಲ. ಇವಳ ಕಣ್ಣಿಗೆ ಬೀಳದೆ ಈ ಜಡೆ ಹೇಗೆ ಹೊಸ್ತಿಲು ದಾಟ್ತು ಅಂತ, ಅಲ್ವಾ? ಒಂದು ಕುಣಿಕೆಗೆ ಟೋಪಿ ಬಿಚ್ಚಿಸಿದವಳು.

ಬಿತ್ತು, ಕಣ್ಣಿಗೆ ಬಿತ್ತು. ಮೊದಲನೇದು ಮುಗಿದಾಗ ಅವಳ ಮಡಿಲಲ್ಲೇ ಇಟ್ಟೆ. ವಾಲಿದ್ದು ತಪ್ಪು ಅಂತ ನನಗೆ ಆಗಲೇ ಗೊತ್ತಿತ್ತು ಟೀಚರ್, ನಾನೇನು ಕುರುಡನಾ? ಬೇಕಂತಲೇ ಸರಿಮಾಡದೆ ಕೊಟ್ಟೆ. ಬೆಳಕಿಗೆ ಹಿಡಿದ್ಲು, ನೀವೆಲ್ಲ ಹೆದರ್ತಿದ್ರಲ್ಲ, ಹಾಗೇ. ಜಡೆ ಮೇಲೆ ಬೆರಳಾಡಿಸಿದ್ಲು. ಮೇಲಿಂದ ಕೆಳಗೆ, ಎರಡು ಸಲ. ನಾನು ಪಕ್ಕದಲ್ಲೇ ನಿಂತಿದ್ದೆ. ಈಗ ಅಂತಾಳೆ, ಈಗ ಅಂತಾಳೆ ಅಂತ.

'ಚೆನ್ನಾಗಿದೆ' ಅಂದ್ಲು. 'ಯಾರು ಹೆಣೆದಿದ್ದು?' ಅಂದ್ಲು.

'ನೀನೇ' ಅಂದೆ. ನಂಬಿದ್ಲು.

ಆಮೇಲಿನ ಐದನ್ನೂ ಹಾಗೇ ಎಡಕ್ಕೆ ವಾಲಿಸಿ ಹೆಣೆದು ಮಡಿಲಲ್ಲಿಟ್ಟೆ. ಒಂದಕ್ಕಾದ್ರೂ ಅನ್ನಲಿ ಅಂತ. ಐದಕ್ಕೂ ಚೆನ್ನಾಗಿದೆ ಅಂದ್ಲು.

ಟೀಚರ್, ಇವತ್ತಿನ್ನೂ ಗುರುವಾರ, ಎರಡು ದಿನ ಟೈಮಿದೆ. ನೀವಾದ್ರೂ ಒಂದ್ಸಲ ಅನ್ನಿ. ಬಿಚ್ಚು ಅನ್ನಿ.